ಪಂಪಿನ ಸಮಯ: ಡಿಲೇ ಬಿಟ್ಟು ಮಿಲಿಸ್ ಬಳಸುವ ಬಗೆ

ಎಣ್ಮಕಜೆಯ ಅಣ್ಣನವರಿಗೆ ನಮಸ್ಕಾರ. ಅಡಿಕೆ ತೋಟದ ಪಂಪನ್ನು ಆರ್ಡುಯಿನೋ ಉನೋ ಎಂಬ ಪುಟ್ಟ ಕಂಪ್ಯೂಟರ್ ಬೋರ್ಡಿನಿಂದ 20 ನಿಮಿಷ ಓಡಿಸಲು, ಕೊಟ್ಟಷ್ಟು ಮಿಲಿಸೆಕೆಂಡು ಕಾಯುವ ಆದೇಶವಾದ ಡಿಲೇಯಲ್ಲಿ 20*60*1000 ಎಂದು ಬರೆದಾಗ ಅದು 20 ಸೆಕೆಂಡಿಗೇ ನಿಂತಿತೆಂದೂ, 1200000 ಎಂದು ನೇರವಾಗಿ ಬರೆದಾಗ ಸಮಯ ಸರಿಹೋದರೂ ಗುಡ್ಡ ಕೊರೆದ ಸುರಂಗದ ನೀರು ಸೇರುವ ಟ್ಯಾಂಕಿ ಬರಿದಾದ ಮೇಲೂ ಪಂಪು ಓಡುತ್ತಲೇ ಇತ್ತೆಂದೂ ಬರೆದಿದ್ದೀರಿ. ಇವು ಎರಡು ಬೇರೆ ಬೇರೆ ದೋಷಗಳು.

ಮೊದಲನೆಯದು ಸುಲಭದ್ದು. ಉನೋದಲ್ಲಿ ಇಂಟ್, ಅಂದರೆ ಮಾಮೂಲಿ ಪೂರ್ಣಾಂಕದ ಜಾಗ, 16 ಬಿಟ್‌ನದಾದ್ದರಿಂದ 32767ಕ್ಕಿಂತ ದೊಡ್ಡ ಸಂಖ್ಯೆ ಅದರಲ್ಲಿ ಹಿಡಿಸುವುದಿಲ್ಲ. ನಿಮ್ಮ ಗುಣಾಕಾರ ಉಕ್ಕಿ ಹೋಗಿ 20352 ಮಿಲಿಸೆಕೆಂಡು ಮಾತ್ರ ಉಳಿದಿದೆ. 20ರ ಬೆನ್ನಿಗೆ ದೊಡ್ಡ ಸಂಖ್ಯೆಯ ಜಾಗ ಕೊಡುವ ಯುಎಲ್ (UL) ಎಂಬೆರಡು ಅಕ್ಷರ ಸೇರಿಸಿದರೆ ಲೆಕ್ಕ ಸರಿಯಾಗುತ್ತದೆ.

ಎರಡನೆಯದು ಪಂಪಿಗೇ ಅಪಾಯಕಾರಿ. ಡಿಲೇ ಮುಗಿಯುವ ತನಕ ಲೂಪ್, ಅಂದರೆ ಪ್ರೋಗ್ರಾಮಿನ ಮತ್ತೆ ಮತ್ತೆ ಸುತ್ತುವ ಭಾಗ, ಅಲ್ಲೇ ನಿಂತಿರುವುದರಿಂದ ಟ್ಯಾಂಕಿಯ ನೀರಿನ ಮಟ್ಟ ತಿಳಿಸುವ ಫ್ಲೋಟ್ ಸ್ವಿಚ್ ಓದುವ ಸಾಲಿಗೆ ಸರದಿಯೇ ಬರುವುದಿಲ್ಲ. ಇದೇ ಕಾರಣಕ್ಕೆ, ನೀರಿಲ್ಲದೆ ಓಡಿ, ನಮ್ಮ ಪಂಪಿನ ಸೀಲ್ ಸುಟ್ಟುಹೋಗಿದೆ. ಆದ್ದರಿಂದ ಡಿಲೇಯನ್ನು ಪೂರ್ತಿ ಕೈಬಿಡಿರೆಂದು ಒತ್ತಾಯಿಸುತ್ತೇನೆ. ಬೋರ್ಡು ಶುರುವಾದಾಗಿನಿಂದ ಕಳೆದ ಮಿಲಿಸೆಕೆಂಡುಗಳನ್ನು ಹೇಳುವ ಆದೇಶವೇ ಮಿಲಿಸ್. ಪಂಪು ಹೊರಟ ಕ್ಷಣದಲ್ಲಿ ಅದು ಕೊಡುವ ಸಂಖ್ಯೆಯನ್ನು ಅನ್‌ಸೈನ್ಡ್ ಲಾಂಗ್ (ಋಣಚಿಹ್ನೆಯಿಲ್ಲದ 32 ಬಿಟ್ ಸಂಖ್ಯೆ) ಆಗಿ ‘ಆರಂಭ’ ಎಂದು ಬರೆದಿಟ್ಟುಕೊಂಡು, ಲೂಪಿನ ಪ್ರತಿ ಸುತ್ತಿನಲ್ಲಿಯೂ ಮೊದಲು ಫ್ಲೋಟ್ ಓದಿ, ಬಳಿಕ ಈಗಿನ ಮಿಲಿಸಿನಿಂದ ‘ಆರಂಭ’ವನ್ನು ಕಳೆದು, ಉಳಿದದ್ದು 1200000 ಮುಟ್ಟಿದೆಯೇ ಎಂದು ನೋಡಬೇಕು. ಟ್ಯಾಂಕಿ ಬರಿದಾಗುವುದು, 20 ನಿಮಿಷ ಮುಗಿಯುವುದು, ಈ ಎರಡರಲ್ಲಿ ಯಾವುದು ಮೊದಲು ಒದಗಿದರೂ ಪಂಪಿನ ಕರೆಂಟಿಗೆ ಸ್ವಿಚ್ಚಾಗಿರುವ ರಿಲೇ ಆರಲಿ.

ಇಲ್ಲಿ ಕಳೆಯುವುದೇ ಮುಖ್ಯ. ‘ಆರಂಭ’ಕ್ಕೆ 20 ನಿಮಿಷ ಕೂಡಿಸಿ ಈಗಿನ ಮಿಲಿಸಿನೊಡನೆ ಹೋಲಿಸುವವರಿದ್ದಾರೆ. ಮಿಲಿಸ್ ಸುಮಾರು 49.7 ದಿನಗಳಿಗೊಮ್ಮೆ ಸೊನ್ನೆಗೆ ಮರಳುತ್ತದೆ; ಕರೆಂಟು ಹೋಗದೆ ಇದ್ದರೆ ಒಂದೇ ಬೇಸಿಗೆಯಲ್ಲಿ ಎರಡು ಬಾರಿ ಹೀಗಾಗಬಹುದು. ಆ ಹೊತ್ತಿಗೆ ಕೂಡಿಸಿದ ಲೆಕ್ಕ ತಪ್ಪುತ್ತದೆ. ಋಣಚಿಹ್ನೆಯಿಲ್ಲದ ಸಂಖ್ಯೆಗಳಲ್ಲಿ ಕಳೆದ ಲೆಕ್ಕ ಸೊನ್ನೆಯನ್ನು ದಾಟಿದರೂ ತಪ್ಪುವುದಿಲ್ಲ.

ನೀರು ಅಲುಗಿದಾಗ ಫ್ಲೋಟ್ ಪದೇ ಪದೇ ಮಿಟುಕುತ್ತದೆ. ಅದು ಬರಿದೆಂದು ಮೂರು ಸೆಕೆಂಡು ಎಡೆಬಿಡದೆ ತೋರಿಸಿದರೆ ಮಾತ್ರ ನಂಬಿರಿ. ಅದನ್ನೂ ಮಿಲಿಸಿನಿಂದಲೇ ಅಳೆಯಬಹುದು.

ದಿನವೂ ಬೆಳಿಗ್ಗೆ ಆರಕ್ಕೇ ಪಂಪು ಹೊರಡಬೇಕಾದರೆ ಮಿಲಿಸ್ ಸಾಲದು. ಉನೋದ ಗಡಿಯಾರದಲ್ಲಿ ಅರ್ಧ ಶೇಕಡಾ ವ್ಯತ್ಯಾಸವಿದ್ದರೂ ದಿನಕ್ಕೆ ಏಳು ನಿಮಿಷ ಜಾರುತ್ತದೆ, ಕರೆಂಟು ಹೋದರಂತೂ ಎಣಿಕೆ ಸೊನ್ನೆಯಿಂದ ಶುರು. ಅದಕ್ಕೆ ಬ್ಯಾಟರಿಯುಳ್ಳ ಡಿಎಸ್ 3231 ಗಡಿಯಾರ ಜೋಡಿಸಿರಿ.

ಮೊದಲ ಪರೀಕ್ಷೆಗೆ ರಿಲೇಗೆ ಪಂಪನ್ನು ಕೊಡದೆ ಒಂದು ಬಲ್ಬು ಕೊಟ್ಟು, ಸಮಯವನ್ನು ಒಂದು ನಿಮಿಷಕ್ಕಿಳಿಸಿ, ಬಲ್ಬು ಉರಿಯುತ್ತಿರುವಾಗಲೇ ಫ್ಲೋಟನ್ನು ಕೈಯಿಂದ ಕೆಳಗಿಳಿಸಿ ನೋಡಿರಿ.