ಪೆನ್‌ಡ್ರೈವ್ ಸಿನಿಮಾದಲ್ಲಿ ಚಿತ್ರ ಬರುತ್ತದೆ, ಸದ್ದಿಲ್ಲ. ಏನು ಮಾಡಲಿ?

ಟಿವಿಯಲ್ಲಿ ‘ಆಡಿಯೊ ಫಾರ್ಮ್ಯಾಟ್ ಸಪೋರ್ಟ್ ಇಲ್ಲ’ ಎಂದು ಬರುತ್ತಿದೆಯಾ? ಹಾಗಾದರೆ ಸ್ಪೀಕರ್ ಕೆಟ್ಟಿಲ್ಲ, ಸುಮ್ನೆ ರಿಪೇರಿಗೆ ಒಯ್ಯಬೇಡಿ. ಫೈಲಿನ ಆಡಿಯೊ ಡಿಟಿಎಸ್ (ಸಿನಿಮಾ ಸದ್ದಿನ ಒಂದು ಫಾರ್ಮ್ಯಾಟ್) ಇರಬೇಕು. ಕಂಪ್ಯೂಟರಿನಲ್ಲಿ ವಿಎಲ್‌ಸಿ ಪ್ಲೇಯರ್‌ನಲ್ಲಿ ಫೈಲ್ ತೆರೆದು ಕೋಡೆಕ್ ಮಾಹಿತಿ (ಸದ್ದು, ಚಿತ್ರ ಯಾವ ಫಾರ್ಮ್ಯಾಟಿನಲ್ಲಿವೆ ಎಂಬುದು) ನೋಡಿದರೆ ಗೊತ್ತಾಗುತ್ತದೆ. ಎಷ್ಟೋ ಟಿವಿಗಳು ಡಿಟಿಎಸ್ ಓದುವುದಿಲ್ಲ, ರಿಸೀವರ್‌ಗೂ (ಸ್ಪೀಕರ್‌ಗಳಿಗೆ ಸದ್ದು ಕೊಡುವ ಹೋಮ್ ಥಿಯೇಟರ್ ಪೆಟ್ಟಿಗೆ) ದಾಟಿಸುವುದಿಲ್ಲ.

ನಿಮ್ಮ ರಿಸೀವರ್‌ನಲ್ಲಿ ಡಿಟಿಎಸ್ ಇದ್ದರೆ, ಒಂದು ಮೀಡಿಯಾ ಪ್ಲೇಯರನ್ನು ಟಿವಿಗಲ್ಲ, ನೇರ ರಿಸೀವರ್‌ನ ಎಚ್‌ಡಿಎಂಐ ಇನ್‌ಪುಟ್‌ಗೆ ಜೋಡಿಸಿ. ಪ್ಲೇಯರಿನಲ್ಲಿ ಪಾಸ್‌ಥ್ರೂ (ಸದ್ದನ್ನು ಬದಲಿಸದೆ ದಾಟಿಸುವ ಸೆಟ್ಟಿಂಗ್) ಆನ್ ಮಾಡಿ. ನನಗೆ ಇದೇ ಒಳ್ಳೆಯ ದಾರಿ ಅನ್ನಿಸುತ್ತದೆ, ಸದ್ದು ಮೂಲದಲ್ಲಿದ್ದ ಹಾಗೇ ಉಳಿಯುತ್ತದೆ.

ಬೇರೆ ಪ್ಲೇಯರ್ ಇಲ್ಲವೇ? ಕಂಪ್ಯೂಟರಿನಲ್ಲಿ ಎಫ್‌ಎಫ್‌ಎಂಪೆಗ್ ಎಂಬ ತಂತ್ರಾಂಶದಿಂದ ಆಡಿಯೊ ಮಾತ್ರ 640 ಕೆಬಿಪಿಎಸ್ ಡಾಲ್ಬಿ ಡಿಜಿಟಲ್‌ಗೆ (ಸದ್ದಿನ ಇನ್ನೊಂದು ಫಾರ್ಮ್ಯಾಟ್) ಬದಲಿಸಿ. ವಿಡಿಯೊಗೆ ‘ಕಾಪಿ’ ಕೊಟ್ಟರೆ ಚಿತ್ರ ಒಂಚೂರೂ ಕೆಡುವುದಿಲ್ಲ, ಕೆಲಸವೂ ಬೇಗ ಮುಗಿಯುತ್ತದೆ.