ಏಳನೇ ತರಗತಿಗೆ ಉದ್ಯಮಶೀಲತೆ ಕಲಿಸಲು ಮೆಣಸಿನ ಸಸಿ ಸಾಕು

ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ ಕಡೆಯ ಕನ್ನಡ ಮಾಧ್ಯಮ ಶಾಲೆಯಲ್ಲಿ ಏಳನೇ ತರಗತಿಯವರಿಗೆ ಉದ್ಯಮಶೀಲತೆಯನ್ನು ಮಾಡಿ ಕಲಿಯುವ ಹಾಗೆ ಹೇಗೆ ಕಲಿಸಬಹುದು ಎಂದು ಕೇಳಿದ್ದೀರಿ. ಓಣಂ ರಜೆ ಮುಗಿದ ಕೂಡಲೇ ಮೆಣಸಿನ ಸಸಿ ಮಾಡಿಸಿ. ಸುಮಾರು ಐದು ವಾರಕ್ಕೆ ಮಾರಲು ಸಿಗುತ್ತದೆ, ಊರವರು ತರಕಾರಿ ನೆಡುವುದೂ ಆಗಲೇ.

ನಾಲ್ಕು ಮಕ್ಕಳಿಗೊಂದು ಗುಂಪು, ಗುಂಪಿಗೆ ರಕ್ಷಕ ಶಿಕ್ಷಕ ಸಂಘದಿಂದ 200 ರೂಪಾಯಿ. ಅದು ಸಾಲ, ತೀರಿಸಲೇಬೇಕು.

ಬೀಜ ಹಾಕುವ ಮೊದಲು ಪ್ರತಿ ಮಗು ಐದು ಮನೆಯಲ್ಲಿ ವಿಚಾರಿಸಲಿ. "ಸಸಿ ತೆಗೆದುಕೊಳ್ತೀರಾ?" ಎಂದರೆ ನೆರೆಮನೆಯವರು ಪ್ರೀತಿಯಿಂದ ಹೂಂ ಅಂದುಬಿಡುತ್ತಾರೆ, ಅದನ್ನು ನಂಬುವಂತಿಲ್ಲ. "ಕಳೆದ ವರ್ಷ ಎಲ್ಲಿಂದ ತಂದಿರಿ, ಎಷ್ಟು ಕೊಟ್ಟಿರಿ, ಎಷ್ಟು ಸತ್ತುಹೋದವು?" ಎಂದು ಕೇಳಿಸಿ. ಬೇಕೆಂದವರಿಂದ ಒಂದೆರಡು ರೂಪಾಯಿ ಮುಂಗಡ ಪಡೆದರೆ ಬೇಡಿಕೆ ಎಷ್ಟೆಂದು ಖಚಿತವಾಗುತ್ತದೆ.

ಕುಂಡಕ್ಕೆ ಕಣ್ಣಿರುವ ಗೆರಟೆ (ತೆಂಗಿನ ಚಿಪ್ಪು) ಸಾಕು. ಮೆತ್ತಗಿನ ಕಣ್ಣು ಚುಚ್ಚಿದರೆ ನೀರು ಇಳಿಯುತ್ತದೆ. ಕಳಿತ ತೆಂಗಿನ ನಾರಿನ ಹುಡಿ, ಎರೆಹುಳ ಗೊಬ್ಬರ ಸಮಪಾಲು, ಬೀಜ ಅರ್ಧ ಸೆಂಟಿಮೀಟರ್ ಆಳಕ್ಕೆ. ಹೆಚ್ಚಿನ ಸಸಿ ಸಾಯುವುದು ಬುಡ ಕೊಳೆತು. ಒತ್ತೊತ್ತಾಗಿ ಬಿತ್ತಿದರೆ, ಸಂಜೆಯೂ ನೀರು ಹಾಕಿದರೆ, ಗುಡುಗುಮಳೆ ನೇರ ಬಿದ್ದರೆ ಹೀಗಾಗುತ್ತದೆ. ಮೇಲೆ ಬೆಳಕು ಬಿಡುವ ಪ್ಲಾಸ್ಟಿಕ್ ಹಾಳೆ ಕಟ್ಟಿ, ಬದಿ ತೆರೆದಿಡಿ.

ಮುಖ್ಯ ಪಾಠವಿರುವುದು ಬೆಲೆಯಲ್ಲಿ. 100 ಸಸಿಗೆ 200 ರೂಪಾಯಿ ಖರ್ಚಾದರೆ ಮಕ್ಕಳು ತಕ್ಷಣ "ಸಸಿಗೆ ಎರಡು ರೂಪಾಯಿ, ಮೂರಕ್ಕೆ ಮಾರಿದರೆ ಲಾಭ" ಎನ್ನುತ್ತಾರೆ. 30 ಸತ್ತು 20 ಮಾರಾಟವಾಗದೆ ಉಳಿದುಹೋದರೆ ಮಾರಿದ್ದು 50 ಮಾತ್ರ. ತಲಾ ಖರ್ಚು ನಾಲ್ಕು ರೂಪಾಯಿ, ಕೈಯಿಂದ ಹೋದದ್ದು 50 ರೂಪಾಯಿ. ಇದನ್ನು ಮೊದಲೇ ಹೇಳಿಕೊಡಬೇಡಿ. ಬೆಲೆ ಅವರೇ ಇಡಲಿ, ನಷ್ಟವನ್ನು ಲೆಕ್ಕದ ಪುಸ್ತಕದಲ್ಲಿ ಅವರೇ ಕಾಣಲಿ. ದಯವಿಟ್ಟು ಉಳಿದ ಸಸಿಯನ್ನು ಶಿಕ್ಷಕರೇ ಕೊಂಡು ಮುಗಿಸಬೇಡಿ. ಮಕ್ಕಳು ನಿಜವಾಗಿ ಯೋಚಿಸತೊಡಗುವುದು ಉಳಿದ ಸಸಿ ಕಂಡ ಮೇಲೆಯೇ.

ಮೊದಲ ಮಾರಾಟ ಪೋಷಕರ ಸಭೆಯ ದಿನ, ಶಾಲೆಯೊಳಗೇ ಇರಲಿ. ಮಾರ್ಗದ ಬದಿಗೆ ಮಕ್ಕಳನ್ನು ಕಳಿಸುವುದು ಬೇಡ. ಒಂದು ವಾರ ಬಿಟ್ಟು, ಉಳಿದದ್ದನ್ನು ಕುಟುಂಬಶ್ರೀ (ಕೇರಳದ ಮಹಿಳಾ ಸ್ವಸಹಾಯ ಸಂಘಟನೆ) ಸದಸ್ಯೆಯರನ್ನು ಶಾಲೆಗೆ ಕರೆದು ಮಾರಿಸಿ. ಈ ಸಲ ಒಂದೇ ಒಂದು ಸಂಗತಿ ಬದಲಿಸಲಿ: ಬೆಲೆ, ಐದರ ಕಟ್ಟು, ಇಲ್ಲವೇ ಕನ್ನಡ–ಮಲಯಾಳ ಎರಡರಲ್ಲೂ ಬರೆದ ಚೀಟಿ. ಮೂರನ್ನೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಮಾರಾಟ ಏರಿತೆಂದು ತಿಳಿಯುವುದಿಲ್ಲ.

ಅಂಕವನ್ನು ಲಾಭಕ್ಕೆ ಕೊಡಬೇಡಿ. ಲೆಕ್ಕದ ಪುಸ್ತಕಕ್ಕೆ, "ಇದನ್ನು ಯಾಕೆ ಬದಲಿಸಿದೆವು" ಎಂದು ಬರೆದ ನಾಲ್ಕು ಸಾಲಿಗೆ ಕೊಡಿ.