ಸುಣ್ಣದ ಸೀಮೆ, ಗಿಣ್ಣಿನ ಸೀಮೆ

ಓದುಗರ ಪತ್ರ: ಸಂಪಾದಕರಿಗೆ ವಂದನೆಗಳು. ನನ್ನ ಮಗಳು ಇಂಗ್ಲೆಂಡಿನ ಸ್ವಿಂಡನ್ ಪಟ್ಟಣದಲ್ಲಿದ್ದಾಳೆ. ಬರುವ ಬೇಸಿಗೆಯಲ್ಲಿ ನಾನೂ ನನ್ನ ಪತ್ನಿಯೂ ಮೂರು ತಿಂಗಳು ಅಲ್ಲಿರಲಿದ್ದೇವೆ. ಕಳೆದ ಸಂಚಿಕೆಯ ಪ್ರವಾಸ ಲೇಖನದಲ್ಲಿ ಸ್ಟೋನ್‌ಹೆಂಜ್ ಎಂಬ ಪುರಾತನ ಕಲ್ಲಿನ ವೃತ್ತವನ್ನು ಡ್ರೂಯಿಡರು ಕಟ್ಟಿದರೆಂದು ಬರೆದಿದ್ದೀರಿ. ಅದು ತಪ್ಪೆಂದು ನನ್ನ ಅಳಿಯ ಹೇಳುತ್ತಾನೆ. ಅದಿರುವ ವಿಲ್ಟ್‌ಷೈರ್ ಜಿಲ್ಲೆಯಲ್ಲಿ ಆ ಕಲ್ಲುಗಳ ಹೊರತು ನೋಡತಕ್ಕದ್ದು ಬೇರೆ ಏನಾದರೂ ಇದೆಯೆ? ಅಲ್ಲಿಯವರನ್ನು ‘ಚಂದ್ರನನ್ನು ಗೋರಿದವರು’ ಎಂದು ಕರೆಯುವುದು ಗೇಲಿಯೊ, ಹೊಗಳಿಕೆಯೊ? ಸಿಲ್‌ಬರಿ ಗುಡ್ಡವನ್ನು ನಮ್ಮ ವಯಸ್ಸಿನವರು ಹತ್ತಬಹುದೆ?
– ನಿವೃತ್ತ ಶಿಕ್ಷಕರು, ಹಾಸನ

ಸಂಪಾದಕರ ಉತ್ತರ:

ಮಾನ್ಯರೇ,

ಮೊದಲಿಗೆ ತಪ್ಪೊಪ್ಪಿಗೆ. ನಿಮ್ಮ ಅಳಿಯಂದಿರ ಮಾತೇ ಸರಿ. ಆ ವಾಕ್ಯ ನನ್ನ ಕಣ್ಣು ತಪ್ಪಿಸಿ ಅಚ್ಚಿಗೆ ಹೋಯಿತು. ಸ್ಟೋನ್‌ಹೆಂಜಿನ ಸುತ್ತಲಿನ ಅಗಳನ್ನು ತೋಡಿದ್ದು ಕ್ರಿ.ಪೂ. 3000ರ ಸುಮಾರಿಗೆ, ದೊಡ್ಡ ಕಲ್ಲುಗಳನ್ನು ನಿಲ್ಲಿಸಿದ್ದು ಕ್ರಿ.ಪೂ. 2500ರ ಆಸುಪಾಸಿನಲ್ಲಿ. ಡ್ರೂಯಿಡರೆಂಬ ಪುರೋಹಿತವರ್ಗದ ಸುದ್ದಿ ನಮಗೆ ಸಿಗುವುದು ಗ್ರೀಕ್ ಮತ್ತು ರೋಮನ್ ಬರಹಗಾರರಿಂದ, ಅದೂ ಆ ಕಲ್ಲುಗಳು ಎದ್ದು ಎರಡು ಸಾವಿರ ವರ್ಷಗಳು ಕಳೆದ ಮೇಲೆ. ಇವೆರಡನ್ನೂ ಗಂಟುಹಾಕಿದವನು ಇದೇ ವಿಲ್ಟ್‌ಷೈರಿನಲ್ಲಿ 1626ರಲ್ಲಿ ಹುಟ್ಟಿದ ಜಾನ್ ಆಬ್ರಿ. ಅವನು ಊಹೆಯೆಂದು ಮುಂದಿಟ್ಟದ್ದನ್ನು 18ನೇ ಶತಮಾನದಲ್ಲಿ ವಿಲಿಯಂ ಸ್ಟೂಕ್ಲಿ ಎಂಬ ವೈದ್ಯ ಸಿದ್ಧಾಂತವನ್ನಾಗಿ ಮಾಡಿ ಹಬ್ಬಿಸಿದ. ಇಂದಿಗೂ ಜೂನ್ ತಿಂಗಳ ಅತಿ ದೀರ್ಘ ಹಗಲಿನ ಸೂರ್ಯೋದಯಕ್ಕೆ ಬಿಳಿ ನಿಲುವಂಗಿ ತೊಟ್ಟವರು ಅಲ್ಲಿ ಸೇರುತ್ತಾರೆ. ಅಂದರೆ ಪಂಡಿತರ ತಪ್ಪೊಂದು ಮುನ್ನೂರು ವರ್ಷಗಳಲ್ಲಿ ಜನಪದ ಆಚರಣೆಯೇ ಆಗಿಹೋಗಿದೆ. ನಮ್ಮ ಪತ್ರಿಕೆಯ ತಪ್ಪಿಗೆ ಅಷ್ಟು ಆಯುಷ್ಯ ಬೇಡವೆಂದೇ ಈ ತಿದ್ದುಪಡಿ.

ಆ ಕಲ್ಲುಗಳ ಮೂಲದ ಬಗ್ಗೆ ಈಚೆಗೆ ತಿಳಿದುಬಂದಿರುವ ಸಂಗತಿಗಳು ಡ್ರೂಯಿಡರ ಕಥೆಗಿಂತ ವಿಚಿತ್ರವಾಗಿವೆ. ಇಪ್ಪತ್ತು ಟನ್ನಿಗೂ ಮಿಗಿಲಾದ ದೊಡ್ಡ ಕಲ್ಲುಗಳು ಬಂದದ್ದು ಸುಮಾರು 25 ಕಿಲೋಮೀಟರ್ ದೂರದ ಮಾರ್ಲ್‌ಬರೊ ಬಳಿಯ ಕಾಡಿನಿಂದ ಎಂದು 2020ರಲ್ಲಿ ಖಚಿತವಾಯಿತು. ನೀಲಿ ಛಾಯೆಯ ಸಣ್ಣ ಕಲ್ಲುಗಳು ವೇಲ್ಸ್ ಪ್ರಾಂತದ ಪಶ್ಚಿಮ ಬೆಟ್ಟಗಳವು. ನಡುವೆ ಬಿದ್ದಿರುವ, ‘ಬಲಿಪೀಠ’ವೆಂದು ಹೆಸರು ಹೊತ್ತ ಆರು ಟನ್ನಿನ ಕಲ್ಲು ಸ್ಕಾಟ್ಲೆಂಡಿನ ಈಶಾನ್ಯ ಭಾಗದ್ದೆಂದು 2024ರಲ್ಲಿ ಗೊತ್ತಾಯಿತು. ಮರ್ಲಿನ್ ಎಂಬ ಮಾಂತ್ರಿಕ ಐರ್ಲೆಂಡಿನಿಂದ ಇವನ್ನು ತನ್ನ ಕೌಶಲದಿಂದ ತರಿಸಿದನೆಂದು 12ನೇ ಶತಮಾನದ ಕಟ್ಟುಚರಿತ್ರೆಯೊಂದು ಹೇಳುತ್ತದೆ. ಪಶ್ಚಿಮದಿಂದ ಕಲ್ಲು ಬಂದ ನೆನಪು ಆ ಕಥೆಯಲ್ಲಿ ಉಳಿದಿರಬಹುದೆ ಎಂದು ಕೇಳುವವರಿದ್ದಾರೆ. ಮೂರೂವರೆ ಸಾವಿರ ವರ್ಷಗಳ ನೆನಪನ್ನು ನಂಬುವಷ್ಟು ಧೈರ್ಯ ನನಗಿಲ್ಲ. ಇನ್ನೊಂದು ಕಥೆಗೆ ಮಾತ್ರ ದಾಖಲೆಯ ಬೆಂಬಲವಿದೆ: 1915ರಲ್ಲಿ ಸಾಲಿಸ್‌ಬರಿಯಲ್ಲಿ ನಡೆದ ಹರಾಜಿನಲ್ಲಿ ಸೆಸಿಲ್ ಚಬ್ ಎಂಬ ವಕೀಲ 6,600 ಪೌಂಡಿಗೆ ಸ್ಟೋನ್‌ಹೆಂಜನ್ನೇ ಕೊಂಡು, ಮೂರು ವರ್ಷಗಳ ನಂತರ ದೇಶಕ್ಕೆ ದಾನ ಕೊಟ್ಟ. ಅವನು ಮನೆಯಿಂದ ಹೊರಟದ್ದು ಹೆಂಡತಿ ಹೇಳಿದ ಕುರ್ಚಿಗಳನ್ನು ಕೊಳ್ಳಲು ಎಂಬುದು ಊರವರು ಸೇರಿಸಿದ ಒಗ್ಗರಣೆ.

ಇನ್ನು ನಿಮ್ಮ ಮುಖ್ಯ ಪ್ರಶ್ನೆ. ಆ ಜಿಲ್ಲೆಯಲ್ಲಿ ಬೇರೇನಿದೆ ಎಂದರೆ, ಶಿಕ್ಷಕರಾಗಿದ್ದ ನಿಮಗೆ ಒಂದೇ ಪದದಲ್ಲಿ ಉತ್ತರ ಹೇಳಬಹುದು: ಸೀಮೆಸುಣ್ಣ. ನಾವು ಇಂಗ್ಲಿಷರ ‘ಸೀಮೆ’ಯ ಹೆಸರು ಹಚ್ಚಿ ಕರೆದ ಆ ಬಿಳಿ ವಸ್ತು ಅಲ್ಲಿ ಬೆಟ್ಟಗಳಾಗಿ ನಿಂತಿದೆ. (ತರಗತಿಯ ಕಡ್ಡಿಗಳು ಈಗ ಬಹುಪಾಲು ಜಿಪ್ಸಮ್ಮಿನವು ಎಂಬುದು ಬೇರೆ ಮಾತು.) ಕೋಟ್ಯಂತರ ವರ್ಷಗಳ ಹಿಂದೆ ಸಮುದ್ರದ ತಳದಲ್ಲಿ ಸೂಕ್ಷ್ಮಜೀವಿಗಳ ಚಿಪ್ಪುಗಳು ಕೂಡಿ ಗಟ್ಟಿಯಾದ ಈ ಸುಣ್ಣದ ದಿಬ್ಬಗಳ ಮೇಲೆ ಮಣ್ಣಿನ ಪದರ ಬಲು ತೆಳುವು, ಹುಲ್ಲಿನ ಹೊದಿಕೆಯನ್ನು ಕಿತ್ತರೆ ಸಾಕು, ಕೆಳಗೆ ಬಿಳುಪು. ಅಲ್ಲಿ ಹಿಂದಿನಿಂದಲೂ ಕುರಿ ಮೇಯುತ್ತಿತ್ತು. ಜಿಲ್ಲೆಯ ವಾಯವ್ಯಕ್ಕೆ ಇಳಿದರೆ ಜೇಡಿಮಣ್ಣಿನ ಹುಲ್ಲುಗಾವಲು, ಹಸು, ಹಾಲು, ಚೀಸು. ಹೀಗಾಗಿ ಅಲ್ಲಿಯವರು ತಮ್ಮ ನಾಡನ್ನು ಸುಣ್ಣದ ಸೀಮೆ, ಗಿಣ್ಣಿನ ಸೀಮೆ ಎಂದು ಎರಡು ಪಾಲು ಮಾಡಿಕೊಂಡಿದ್ದಾರೆ. ಚೀಸಿಗೆ ಗಿಣ್ಣೆಂದರೆ ನಮ್ಮ ಹಳ್ಳಿಯ ಹೆಂಗಸರು ಒಪ್ಪಲಿಕ್ಕಿಲ್ಲ. ಪ್ರಾಸದ ಆಸೆಗೆ ಬರೆದಿದ್ದೇನೆ.

ನೀವು ಕೇಳಿದ ಚಂದ್ರನ ಕಥೆಯಲ್ಲೂ ಈ ಗಿಣ್ಣಿದೆ. ಬೆಳದಿಂಗಳ ರಾತ್ರಿ ಹಳ್ಳಿಗರಿಬ್ಬರು ಕೊಳದ ದಡದಲ್ಲಿ ನಿಂತು, ಹುಲ್ಲು ಗೋರುವ ಉದ್ದನೆಯ ಕೋಲಿನಿಂದ ನೀರನ್ನು ಎಳೆಯುತ್ತಿದ್ದರಂತೆ. ಆ ದಾರಿಯಲ್ಲಿ ಬಂದ ಸುಂಕದ ಅಧಿಕಾರಿಗಳು ಏನು ಮಾಡುತ್ತಿದ್ದೀರೆಂದು ಕೇಳಿದಾಗ, ನೀರಿನೊಳಗಿನ ಚಂದ್ರಬಿಂಬವನ್ನು ತೋರಿಸಿ, ‘ಆ ಚೀಸಿನ ಗುಂಡನ್ನು ಎಳೆದುಕೊಳ್ಳುತ್ತಿದ್ದೇವೆ ಸ್ವಾಮಿ’ ಎಂದರು. ಅಧಿಕಾರಿಗಳು ಹೊಟ್ಟೆ ಹಿಡಿದು ನಕ್ಕು ಕುದುರೆ ಬಿಟ್ಟುಕೊಂಡು ಹೋದರು. ಅವರು ಮರೆಯಾದ ಮೇಲೆ ಹಳ್ಳಿಗರು ಕೊಳದ ಕೆಸರಿನಿಂದ, ಸುಂಕ ಕಟ್ಟದೆ ತಂದು ಮುಳುಗಿಸಿಟ್ಟಿದ್ದ ಬ್ರಾಂದಿಯ ಪೀಪಾಯಿಗಳನ್ನು ದಡಕ್ಕೆಳೆದರು. ಡಿವೈಜಸ್ ಪಟ್ಟಣದ ಕ್ರಾಮರ್ ಕೊಳದವರು ಇದು ನಡೆದದ್ದು ನಮ್ಮಲ್ಲಿ ಎನ್ನುತ್ತಾರೆ. ಹತ್ತಿರದ ಬಿಷಪ್ಸ್ ಕ್ಯಾನಿಂಗ್ಸ್ ಹಳ್ಳಿಯವರು ನಮ್ಮಲ್ಲಿ ಎನ್ನುತ್ತಾರೆ.

ಗೇಲಿಯೊ ಹೊಗಳಿಕೆಯೊ ಎಂಬ ನಿಮ್ಮ ಸಂದೇಹ ಸಹಜವೇ, ಏಕೆಂದರೆ ಕಥೆಗೆ ಎರಡು ಪಾಠಗಳಿವೆ. 1787ರಲ್ಲಿ ಅಚ್ಚಾದ ಪಾಠದಲ್ಲಿ ಪೀಪಾಯಿಯೂ ಇಲ್ಲ, ಅಧಿಕಾರಿಯೂ ಇಲ್ಲ. ಕೊಳದಲ್ಲಿ ಕಂಡ ಚಂದ್ರಬಿಂಬವನ್ನು ಗೋರಿ ತೆಗೆಯಹೊರಟ ದಡ್ಡರಷ್ಟೇ ಇದ್ದಾರೆ. ಅದು ಹೊರಗಿನವರು ಹೇಳಿದ ಕಥೆ. ಪೀಪಾಯಿ ಸೇರಿದ್ದು ವಿಲ್ಟ್‌ಷೈರಿನವರ ಬಾಯಲ್ಲಿ. ತಮ್ಮ ಮೇಲೆ ಎಸೆದ ಬೈಗುಳವನ್ನು ಅವರು ಮಣ್ಣು ಒರೆಸಿ ಬಿರುದಿನಂತೆ ತೊಟ್ಟುಕೊಂಡರೆಂದು ನನಗೆ ತೋರುತ್ತದೆ. ಆದ್ದರಿಂದ ನಿಮ್ಮ ಮಗಳ ನೆರೆಮನೆಯವರನ್ನು ಆ ಹೆಸರಿನಿಂದ ಕರೆದರೆ ಯಾರೂ ಮುನಿಯಲಾರರು.

ಇಂಥದೇ ಜಾಣತನ ಸಿಲ್‌ಬರಿ ಗುಡ್ಡದ ಕಥೆಯಲ್ಲೂ ಇದೆ. ಡಿವೈಜಸ್ ಪಟ್ಟಣವನ್ನು ಹೂತುಬಿಡಬೇಕೆಂದು ಸೈತಾನ ಒಂದು ಸಲಿಕೆ ಮಣ್ಣು ಹೊತ್ತು ಬರುತ್ತಿದ್ದ. ಎದುರಿಗೆ ಸವೆದ ಬೂಟುಗಳ ಮೂಟೆ ಹೊತ್ತ ಮುದುಕನೊಬ್ಬ ಸಿಕ್ಕ. ಡಿವೈಜಸ್ ಎಷ್ಟು ದೂರ ಎಂದು ಕೇಳಿದ್ದಕ್ಕೆ, ‘ಅಲ್ಲಿಂದ ಹೊರಟ ಮೇಲೆ ಇಷ್ಟು ಜೋಡು ಸವೆದವು’ ಎಂದ ಮುದುಕ. ಬೇಸತ್ತ ಸೈತಾನ ಮಣ್ಣನ್ನು ಅಲ್ಲೇ ಸುರಿದು ಹೋದ. ಈ ಕಥೆಯನ್ನು ಇಂಗ್ಲೆಂಡಿನ ಬೇರೆ ಗುಡ್ಡಗಳಿಗೂ ಹೇಳುತ್ತಾರೆ. ಆದರೆ ಸಿಲ್‌ಬರಿಗೆ ಒಪ್ಪಿದಷ್ಟು ಇನ್ನೊಂದಕ್ಕೆ ಒಪ್ಪುವುದಿಲ್ಲ, ಏಕೆಂದರೆ ಇದು ನಿಜಕ್ಕೂ ಸುರಿದು ಮಾಡಿದ ಗುಡ್ಡ. ಕ್ರಿ.ಪೂ. 2400ರ ಸುಮಾರಿಗೆ ಜಿಂಕೆಯ ಕೊಂಬಿನಿಂದ ಸುಣ್ಣವನ್ನು ಅಗೆದು, ಬುಟ್ಟಿಗಳಲ್ಲಿ ಹೊತ್ತು, ತಲೆಮಾರುಗಳ ಕಾಲ ಪೇರಿಸಿದ ಇದು ಯುರೋಪಿನ ಇತಿಹಾಸಪೂರ್ವ ಕಾಲದ ಕೃತಕ ದಿಬ್ಬಗಳಲ್ಲೆಲ್ಲ ದೊಡ್ಡದು. ಒಳಗೆ ಸಿಲ್ ಎಂಬ ರಾಜ ಚಿನ್ನದ ಕುದುರೆಯೊಂದಿಗೆ ಮಲಗಿದ್ದಾನೆಂಬ ನಂಬಿಕೆಯಿತ್ತು. 1776ರಲ್ಲಿ ನೆತ್ತಿಯಿಂದ ಬಾವಿಯಂತೆ ಕೊರೆದರು, 1849ರಲ್ಲಿ ಬದಿಯಿಂದ ಸುರಂಗ ತೋಡಿದರು, 1968ರಿಂದ ಟೆಲಿವಿಷನ್ ಕ್ಯಾಮೆರಾ ಇಟ್ಟುಕೊಂಡು ಅಗೆದರು. ರಾಜನೂ ಸಿಗಲಿಲ್ಲ, ಕುದುರೆಯೂ ಸಿಗಲಿಲ್ಲ. 2000ದಲ್ಲಿ ಹಳೆಯ ಬಾವಿ ಕುಸಿದು ನೆತ್ತಿಯಲ್ಲಿ ಗುಂಡಿ ಬಿತ್ತು. ಅಗೆದವರ ಪಾಪವನ್ನು ತೊಳೆಯಲು 2007ರಲ್ಲಿ ಮತ್ತೆ ಒಳಹೊಕ್ಕು ಸುಣ್ಣ ತುಂಬಬೇಕಾಯಿತು.

ಅದರ ಪಕ್ಕದ ಏವ್‌ಬರಿಯನ್ನು ಮಾತ್ರ ತಪ್ಪಿಸಬೇಡಿ. ಸ್ಟೋನ್‌ಹೆಂಜಿನಲ್ಲಿ ಹಗ್ಗದ ಆಚೆ ನಿಂತು ನೋಡಬೇಕು. ಇಲ್ಲಿ ಕಲ್ಲನ್ನು ಮುಟ್ಟಬಹುದು, ನೆರಳಿನಲ್ಲಿ ಬುತ್ತಿ ಬಿಚ್ಚಬಹುದು. ಸುಮಾರು 330 ಮೀಟರ್ ವ್ಯಾಸದ ಕಲ್ಲಿನ ವೃತ್ತದೊಳಗೆ ಹಳ್ಳಿಯ ಒಂದು ಪಾಲೇ ಇದೆ. ಮಧ್ಯಯುಗದಲ್ಲಿ ಜನ ಹಲವು ಕಲ್ಲುಗಳನ್ನು ಕೆಡವಿ ಹೂತರು; 18ನೇ ಶತಮಾನದಲ್ಲಿ ಬೆಂಕಿಯಿಂದ ಕಾಯಿಸಿ ತಣ್ಣೀರು ಸುರಿದು ಸೀಳಿ ಮನೆ ಕಟ್ಟಿದರು. 1938ರಲ್ಲಿ, ಮಾರ್ಮಲೇಡ್ ವ್ಯಾಪಾರದ ಹಣದಲ್ಲಿ ಉತ್ಖನನ ಮಾಡಿಸುತ್ತಿದ್ದ ಅಲೆಕ್ಸಾಂಡರ್ ಕೀಲರ್ ಹೂತಿದ್ದ ಕಲ್ಲೊಂದನ್ನು ಎತ್ತಿಸಿದಾಗ, ಅಡಿಯಲ್ಲಿ ಮನುಷ್ಯನ ಅಸ್ಥಿಪಂಜರ ಸಿಕ್ಕಿತು. ಜೊತೆಯಲ್ಲಿ ಕತ್ತರಿ, ಶಸ್ತ್ರವೈದ್ಯನ ಸಲಾಕೆಯಂಥ ಸಾಧನ, 14ನೇ ಶತಮಾನದ ಆರಂಭದ ನಾಣ್ಯಗಳು. ಕ್ಷೌರವನ್ನೂ ಶಸ್ತ್ರಚಿಕಿತ್ಸೆಯನ್ನೂ ಒಟ್ಟಿಗೆ ಮಾಡುತ್ತಿದ್ದ ಅಲೆಮಾರಿಯೊಬ್ಬ ಕಲ್ಲು ಕೆಡವಲು ನೆರವಾಗಿ ಅದರಡಿ ಸಿಕ್ಕಿ ಸತ್ತನೆಂದು ಕಥೆ ಹಬ್ಬಿತು. ಎಲುಬುಗಳು ಲಂಡನ್ನಿನ ಬಾಂಬ್ ದಾಳಿಯಲ್ಲಿ ನಾಶವಾದವೆಂದೇ ಎಲ್ಲರೂ ನಂಬಿದ್ದರು. ಆದರೆ ದಶಕಗಳ ನಂತರ ಅವು ವಸ್ತುಸಂಗ್ರಹಾಲಯವೊಂದರಲ್ಲಿ ಪತ್ತೆಯಾದವು. ಮರುಪರೀಕ್ಷೆಯಲ್ಲಿ ಕಲ್ಲು ಬಿದ್ದು ಸತ್ತ ಗುರುತು ಕಾಣಲಿಲ್ಲ. ಕಥೆ ಮಾತ್ರ ಇನ್ನೂ ಸತ್ತಿಲ್ಲ.

ಬೆಟ್ಟದ ಇಳಿಜಾರಿನಲ್ಲಿ ಹುಲ್ಲು ಕಿತ್ತು ಬಿಡಿಸಿದ ಬಿಳಿ ಕುದುರೆಗಳು ನಿಮಗೆ ಬಸ್ಸಿನಿಂದಲೇ ಕಾಣಬಹುದು. ಇವು ಬಹಳ ಪುರಾತನವೆಂದು ಭಾವಿಸಬೇಡಿ. ಬಹುತೇಕ ಕಳೆದ ಮೂರು ಶತಮಾನಗಳಲ್ಲಿ ಮೂಡಿದವು. ಚೆರ್‌ಹಿಲ್ ಕುದುರೆಯನ್ನು 1780ರಲ್ಲಿ ಬಿಡಿಸಿದ ವೈದ್ಯನೊಬ್ಬ ದೂರದ ರಸ್ತೆಯಲ್ಲಿ ನಿಂತು ಕೊಳವೆಯ ಮೂಲಕ ಕೂಗಿ ಆಳುಗಳಿಗೆ ಗೆರೆ ಹೇಳಿದನಂತೆ. ಆಲ್ಟನ್ ಬಾರ್ನ್ಸ್ ಬಳಿ 1812ರಲ್ಲಿ ಗುತ್ತಿಗೆ ಹಿಡಿದವನು ಕೆಲಸ ಮುಗಿಯುವ ಮುನ್ನವೇ ಇಪ್ಪತ್ತು ಪೌಂಡು ಜೇಬಿಗಿಳಿಸಿ ಪರಾರಿಯಾದ. ವೆಸ್ಟ್‌ಬರಿಯ ಕುದುರೆ ಹಳ್ಳಿಯ ಗಡಿಯಾರ ನಡುರಾತ್ರಿಯ ಗಂಟೆ ಹೊಡೆದಾಗ ಇಳಿದು ಬಂದು ಬುಗ್ಗೆಯ ನೀರು ಕುಡಿಯುತ್ತದೆಯಂತೆ. 20ನೇ ಶತಮಾನದಲ್ಲಿ ಅದಕ್ಕೆ ಕಾಂಕ್ರೀಟು ಬಳಿದು ಬಿಳಿ ಬಣ್ಣ ಹಚ್ಚಿದ ಮೇಲೂ ಇಳಿಯುತ್ತದೆಯೆ ಎಂದು ವಿಚಾರಿಸಿ ಬರೆಯಿರಿ.

ನಮ್ಮ ದೇಶದ ನಂಟು ಬೇಕಾದರೆ ಸಾಲಿಸ್‌ಬರಿಯ ಹೊರವಲಯದ ಓಲ್ಡ್ ಸೇರಮ್ ದಿಬ್ಬಕ್ಕೆ ಹೋಗಿ. ಊರು ಪಾಳುಬಿದ್ದ ಮೇಲೂ ಆ ದಿಬ್ಬ 1832ರವರೆಗೆ ಪಾರ್ಲಿಮೆಂಟಿಗೆ ಇಬ್ಬರು ಸದಸ್ಯರನ್ನು ಕಳಿಸುತ್ತಿತ್ತು. ಅಲ್ಲಿ ವಾಸವಿದ್ದ ಮತದಾರರು ಯಾರೂ ಇರಲಿಲ್ಲ. ಆ ಜಮೀನನ್ನೂ, ಅದರೊಂದಿಗೆ ಪಾರ್ಲಿಮೆಂಟಿನ ಸ್ಥಾನಗಳನ್ನೂ 17ನೇ ಶತಮಾನದ ಕೊನೆಯಲ್ಲಿ ಕೊಂಡವನು ಥಾಮಸ್ ಪಿಟ್. ಆಮೇಲೆ ಮದರಾಸಿನ ಗವರ್ನರಾದ ಇವನು ಗೋಲ್ಕೊಂಡ ಸೀಮೆಯ 410 ಕ್ಯಾರಟ್ಟಿನ ವಜ್ರವೊಂದನ್ನು 48,000 ವರಾಹಗಳಿಗೆ ಕೊಂಡು, ಕೊರೆಸಿ, 1717ರಲ್ಲಿ ಫ್ರಾನ್ಸಿನ ರಾಜಪ್ರತಿನಿಧಿಗೆ ಮಾರಿದ. ಅದೀಗ ಪ್ಯಾರಿಸಿನ ಲೂವ್ರದಲ್ಲಿದೆ. ಮುಂದೆ ಬ್ರಿಟನ್ನಿನ ಪ್ರಧಾನಿಯಾದ ಅವನ ಮೊಮ್ಮಗ ವಿಲಿಯಂ ಪಿಟ್ ಮೊದಲು ಪಾರ್ಲಿಮೆಂಟು ಹೊಕ್ಕದ್ದು, 1735ರಲ್ಲಿ, ಇದೇ ನಿರ್ಜನ ದಿಬ್ಬದ ಪ್ರತಿನಿಧಿಯಾಗಿ.

ಸಾಲಿಸ್‌ಬರಿಯ ಪ್ರಧಾನ ಚರ್ಚಿನ 123 ಮೀಟರ್ ಎತ್ತರದ ಶಿಖರವನ್ನೂ, ಮುಖಫಲಕವೇ ಇಲ್ಲದ 1386ರ ಗಡಿಯಾರವನ್ನೂ ಎಲ್ಲ ಕೈಪಿಡಿಗಳೂ ಹೇಳುತ್ತವೆ. ಲೇಕಾಕ್ ಹಳ್ಳಿಯಲ್ಲಿ, ಛಾಯಾಗ್ರಹಣದ ಆದ್ಯರಲ್ಲೊಬ್ಬನಾದ ಟಾಲ್ಬಟ್ 1835ರಲ್ಲಿ ಕಿಟಕಿಯೊಂದರ ನೆಗೆಟಿವ್ ಚಿತ್ರ ತೆಗೆದದ್ದನ್ನೂ ಹೇಳುತ್ತವೆ. ಕೈಪಿಡಿಗಳಲ್ಲಿ ಅಷ್ಟಾಗಿ ಕಾಣದ್ದು ಡಿವೈಜಸ್ ಸಂತೆಮಾಳದ ಶಿಲಾಸ್ತಂಭ. 1753ರಲ್ಲಿ ಕೆಲವು ಹೆಂಗಸರು ಪಾಲು ಹಾಕಿ ಒಂದು ಮೂಟೆ ಗೋಧಿ ಕೊಂಡಾಗ, ರೂತ್ ಪಿಯರ್ಸ್ ಎಂಬವಳು ತನ್ನ ಪಾಲು ಕೊಟ್ಟಾಗಿದೆ, ಸುಳ್ಳಾದರೆ ಇಲ್ಲೇ ಸಾಯಲಿ ಎಂದು ಆಣೆಯಿಟ್ಟಳು. ಮರುಗಳಿಗೆಯಲ್ಲೇ ಕುಸಿದು ಸತ್ತಳು, ಮುಷ್ಟಿಯಲ್ಲಿ ಹಣ ಹಾಗೆಯೇ ಇತ್ತು. ಪಟ್ಟಣದವರು ಇದನ್ನು ಕಲ್ಲಿನಲ್ಲಿ ಕೊರೆಸಿ ನಿಲ್ಲಿಸಿದ್ದಾರೆ.

ಕೊನೆಯ ಪ್ರಶ್ನೆ: ಸಿಲ್‌ಬರಿಯನ್ನು ಯಾವ ವಯಸ್ಸಿನವರಿಗೂ ಹತ್ತಗೊಡುವುದಿಲ್ಲ, ಗುಡ್ಡಕ್ಕೆ ಹಾನಿಯಾದೀತೆಂಬ ಭಯ. ಸ್ವಿಂಡನ್‌ನಿಂದ ಏವ್‌ಬರಿಯ ಮೂಲಕ ಡಿವೈಜಸ್‌ಗೆ ಬಸ್ಸಿದೆ. ಏವ್‌ಬರಿಯಲ್ಲಿ ಇಳಿದು ವೆಸ್ಟ್ ಕೆನೆಟ್ ಎಂಬ ಶಿಲಾಸಮಾಧಿಯ ದಿಬ್ಬದವರೆಗೆ ನಡೆಯಿರಿ, ಏರು ಕಡಿದಲ್ಲ. ಅಲ್ಲಿಂದ ತಿರುಗಿ ನೋಡಿದರೆ ಸಿಲ್‌ಬರಿ ಇಡಿಯಾಗಿ ಎದುರಿಗಿರುತ್ತದೆ.